ಹೊಲೊಗ್ರಾಂ ಕೋಡ್ ಸರಿ ಬಂದರೆ ವಿದೇಶಿ ಕ್ರೀಮ್ ಹಚ್ಚಬಹುದಾ?

ಬೇಡ. ಇವತ್ತು ರಾತ್ರಿಯಿಂದಲೇ ನಿಲ್ಲಿಸಿ.

ಅಕ್ಕನ ಮದುವೆಗೆ ಅಂತ ಪುಣೆಯಲ್ಲಿ ಕೊಂಡ ವಿದೇಶಿ ನೈಟ್ ಕ್ರೀಮು, ಡಬ್ಬದ ಮೇಲಿನ ಹೊಳೆಯುವ ಹೊಲೊಗ್ರಾಂ ಚೀಟಿ ಗೀಚಿ ಅಡಿಯ ಕೋಡನ್ನು ಕಂಪನಿಯ ವೆಬ್‌ಸೈಟಿಗೆ ಹಾಕಿದರೆ ‘ಒರಿಜಿನಲ್’ ಅಂತ ಬಂತು, ಎರಡು ವಾರಕ್ಕೇ ಅಕ್ಕನ ಮುಖ ಬೆಳ್ಳಗಾಗಿದೆ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂತು. ನಾನು ಡೊಂಬಿವಲಿಯಲ್ಲಿ ಪುಟ್ಟ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. 2022ರ ದೀಪಾವಳಿ ಹೊತ್ತಿಗೆ ಮುಂಬೈಯ ಹೋಲ್‌ಸೇಲ್ ಅಂಗಡಿಯೊಂದರಿಂದ ಇಂಥದೇ ಕ್ರೀಮ್ ಎರಡು ಡಜನ್ ತಂದಿದ್ದೆ. ಮೊದಲ ಡಬ್ಬ ಕೊಟ್ಟಿದ್ದು ನಮ್ಮ ಅತ್ತಿಗೆಗೆ.

ಕುರುಡಾಗಿ ತಂದಿರಲಿಲ್ಲ. ಪೇಟೆಯಲ್ಲಿ ಡುಪ್ಲಿಕೇಟ್ ಜಾಸ್ತಿ ಅಂತ ಗೊತ್ತಿತ್ತು. ಅಂಗಡಿಯಲ್ಲೇ ನಿಂತು ಹೊಲೊಗ್ರಾಂ ಗೀಚಿದೆ, ಕೋಡ್ ಹಾಕಿದೆ, ಒರಿಜಿನಲ್ ಅಂತ ಬಂತು. ಬಾರ್‌ಕೋಡ್ ಸ್ಕ್ಯಾನ್ ಮಾಡಿದೆ, ಕಂಪನಿ ಹೆಸರೇ ಬಂತು. ನನ್ನ ತಪ್ಪು ಅಲ್ಲೇ ಆಗಿದ್ದು. ಆ ಕೋಡ್‌ಗೆ ಉತ್ತರ ಕೊಡುವವರು ಯಾರು? ಕ್ರೀಮ್ ಮಾಡಿದವರೇ. ಡಬ್ಬ ನಮ್ಮದೇ ಅಂತ ಅವರು ಹೇಳುತ್ತಾರೆ, ಒಳಗೆ ಏನಿದೆ ಅಂತ ಹೇಳುವುದಿಲ್ಲ. ಬಾರ್‌ಕೋಡ್ ಬರೀ ಒಂದು ನಂಬರು, ಯಾರು ಬೇಕಾದರೂ ಹಾಗೇ ಅಚ್ಚು ಹಾಕಬಹುದು. ನಾನು ನೋಡಬೇಕಾಗಿದ್ದು ಡಬ್ಬದ ಹಿಂಭಾಗ. ಹೊರದೇಶದ ಸೌಂದರ್ಯವರ್ಧಕ ಇಲ್ಲಿ ಮಾರಬೇಕಾದರೆ ದಿಲ್ಲಿಯ ಸಿಡಿಎಸ್‌ಸಿಒ ಅನ್ನುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಿರಲೇಬೇಕು, 2013ರಿಂದ ಇದು ಕಡ್ಡಾಯ. ಆ ನೋಂದಣಿ ನಂಬರು, ತರಿಸಿದವರ ಹೆಸರು, ವಿಳಾಸ, ಮೂರೂ ಲೇಬಲ್ ಮೇಲೆ ಇರಬೇಕು. ನನ್ನ ಡಬ್ಬದಲ್ಲಿ ಮೂರೂ ಇರಲಿಲ್ಲ. ಮೂವತ್ತು ಸೆಕೆಂಡಿನ ಕೆಲಸ ಅದು, ತಿರುಗಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಬಿಲ್ ಕೂಡ ಕೇಳಲಿಲ್ಲ, ಆಮೇಲೆ ಆ ಅಂಗಡಿಯವನು ನಾನು ಕೊಟ್ಟೇ ಇಲ್ಲ ಅಂದುಬಿಟ್ಟ.

ಅತ್ತಿಗೆ ಧಾರವಾಡ ಕಡೆಯವರು. ಮೂರು ತಿಂಗಳು ಹಚ್ಚಿದರು, ಮುಖ ನಿಜಕ್ಕೂ ಬೆಳ್ಳಗಾಗಿತ್ತು. ಒಂದು ದಿನ ಪಾರ್ಲರಿಗೆ ಬಂದು, ‘ಚಪ್ಪಲಿ ಕಾಲಿಗೆ ಹೋಗವಲ್ದು ನೋಡವಾ’ ಅಂದರು. ಪಾದ ಬಾತಿತ್ತು. ಮೂತ್ರದಲ್ಲಿ ನೊರೆ. ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಸೋರಿ ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಮನೆಯಲ್ಲಿ ಯಾರಿಗೂ ಕಿಡ್ನಿ ತೊಂದರೆ ಇಲ್ಲ. ಕಿಡ್ನಿ ಡಾಕ್ಟರ್ ಎಲ್ಲ ಕೇಳಿ ಮುಗಿಸಿ ಕೊನೆಗೆ, ‘ಮುಖಕ್ಕೆ ಏನು ಹಚ್ತೀರಿ?’ ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ರಕ್ತದಲ್ಲಿ, ಮೂತ್ರದಲ್ಲಿ ಪಾದರಸ ಸಿಕ್ಕಿತು.

ಪಾದರಸ ಚರ್ಮದಲ್ಲಿ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಆಗದಂತೆ ತಡೆಯುತ್ತದೆ, ಅದಕ್ಕೇ ಬೇಗ ಬೆಳ್ಳಗಾಗುವುದು. ಚರ್ಮದಿಂದಲೇ ಒಳಗೆ ಇಳಿದು ಕಿಡ್ನಿ ಸೇರುತ್ತದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಕ್ರೀಮಿಗೆ ಪಾದರಸ ಬೆರೆಸುವ ಹಾಗೇ ಇಲ್ಲ, ತಾನಾಗಿ ಸೇರಿಕೊಂಡಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇದೇ ತರಹ ಕ್ರೀಮ್ ಹಚ್ಚಿದವರ ಕಿಡ್ನಿ ಕೆಟ್ಟ ಸುದ್ದಿ ಬಂತಲ್ಲ, ಅದನ್ನು ಓದಿ ಅತ್ತಿಗೆ ನನಗೆ ಫೋನ್ ಮಾಡಿ ಸುಮ್ನೆ ಅತ್ತರು. ಅವರು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು.

ಅದಕ್ಕೇ ಹೇಳುತ್ತೇನೆ, ಒರಿಜಿನಲ್ಲಾ ಡುಪ್ಲಿಕೇಟಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಮ್ಮದು ಒರಿಜಿನಲ್ಲೇ ಇದ್ದಿರಬೇಕು. ವಿಷ ಇದ್ದಿದ್ದೇ ಒರಿಜಿನಲ್‌ನಲ್ಲಿ. ಇಲ್ಲಿ ಇದಕ್ಕೆ ಜವಾಬ್ದಾರಿ ಯಾರದು ಅಂತ ಕೇಳಿ. ತರಿಸಿದವರ ಹೆಸರು ಇದ್ದರೆ ಅವರಿಗೇ ಫೋನ್ ಮಾಡಿ, ಬ್ಯಾಚ್ ನಂಬರ್ ಓದಿ ಹೇಳಿ, ಇದು ನೀವು ತರಿಸಿದ್ದಾ ಅಂತ ಕೇಳಿ, ಯಾಕೆಂದರೆ ನೋಂದಣಿ ನಂಬರನ್ನೂ ಕಳ್ಳರು ಅಚ್ಚು ಹಾಕಬಹುದು. ಇಲ್ಲೇ ತಯಾರಾದ ಮಾಲಾದರೆ ಕಾರ್ಖಾನೆಯ ವಿಳಾಸ, ಲೈಸೆನ್ಸ್ ನಂಬರು ನೋಡಿ. ‘ಎಫ್‌ಡಿಎ ಅಪ್ರೂವ್ಡ್’ ಅನ್ನುವ ಅಕ್ಷರಕ್ಕೆ ಮರುಳಾಗಬೇಡಿ, ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯಾದ ಎಫ್‌ಡಿಎ ಮಾರಾಟಕ್ಕೆ ಮುಂಚೆ ಫೇಸ್ ಕ್ರೀಮುಗಳಿಗೆ ಒಪ್ಪಿಗೆ ಕೊಡುವುದೇ ಇಲ್ಲ.

ಡಬ್ಬ ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ಪೆಟ್ಟಿಗೆ ಸಮೇತ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಕಲಮಿನಲ್ಲಿ, ಶುಲ್ಕ ಕಟ್ಟಿದರೆ ಸಾಮಾನ್ಯ ಗ್ರಾಹಕರೂ ತಾವು ಕೊಂಡಿದ್ದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮಹಾರಾಷ್ಟ್ರ ಸರ್ಕಾರದ್ದೇ ಬೇರೆ ಎಫ್‌ಡಿಎ ಇದೆ, ಅದಕ್ಕೆ ದೂರು ಕೊಡಿ, ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ. ಅಕ್ಕನ ದಿಂಬಿನ ಕವರ್, ಟವೆಲ್ ಬೇರೆ ಯಾರೂ ಬಳಸುವುದು ಬೇಡ, ಅದರಿಂದಲೂ ಪಾದರಸ ಹರಡುತ್ತದೆ. ನಾಳೆ ಬೆಳಿಗ್ಗೆ ಅವರಿಗೆ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ಡಬ್ಬ ತೋರಿಸಿ. ರಿಪೋರ್ಟ್ ಏನು ಬಂತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.