ಕಾರವಾರದ ಹಿರಿಯರಿಗೆ ಮರಾಠಿ ಹೇಗೆ ಬಂತು?

ಮನೆಮಾತು ಕೊಂಕಣಿಯಾದರೂ ಅಜ್ಜ ಓದಿದ್ದು ಮರಾಠಿ ಏಕೆ, ಬಂದರು ಏಕೆ ಸೊರಗಿತು ಎಂದು ಕೇಳಿದ್ದೀರಿ. ಮರಾಠಿಗೆ ಮೂಲ 1862. ಆ ವರ್ಷ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಶಾಲೆ, ಕಚೇರಿ, ನೌಕರಿ ಎಲ್ಲದರ ಮುಖವೂ ಮುಂಬೈ ಕಡೆಗೆ ತಿರುಗಿತು, ಮರಾಠಿ ಬಂದದ್ದು ಹಾಗೆ. ಹಾಗಾಗಿ ಮರಾಠಿ ಓದಿದವರನ್ನೆಲ್ಲ ಮರಾಠಿಗರೆಂದು ಎಣಿಸುವುದು ತಪ್ಪು; ಕರ್ನಾಟಕ–ಮಹಾರಾಷ್ಟ್ರ ಗಡಿ ವಾದದಲ್ಲಿ ಆಗಿದ್ದೂ ಇದೇ.

ಬಂದರಿನ ಕಥೆ ಹತ್ತಿಯದು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು, ಅದಕ್ಕೇ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು. ಅಮೆರಿಕದ ಅಂತರ್ಯುದ್ಧದಿಂದ (1861–65) ಬೇಡಿಕೆ ಏರಿದಾಗ ಕಾರವಾರವನ್ನೇ ದೊಡ್ಡ ಬಂದರು ಮಾಡುವ ಯೋಜನೆ ಎದ್ದಿತು. ಹುಬ್ಬಳ್ಳಿಯಿಂದ ರೈಲು ಮಾತ್ರ ಇಲ್ಲಿಗೆ ಬರಲಿಲ್ಲ. 1880ರ ದಶಕದ ಕೊನೆಗೆ ಪೋರ್ಚುಗೀಸರ ಗೋವಾದ ಮುರಗಾಂವ್ ಬಂದರಿಗೆ ಹಳಿ ಬಿತ್ತು, ಸರಕು ಅತ್ತ ಹರಿಯಿತು.