ಮಂಡಿ ಮುರಿದರೆ ಮರುಕ, ನಿದ್ದೆ ಕೆಟ್ಟರೆ ಕೊಂಕು

ಓದುಗರ ಪತ್ರ: ಫೂಟಿ (ಆಸ್ಟ್ರೇಲಿಯಾದ ಫುಟ್‌ಬಾಲ್) ಆಟಗಾರ ಟಾಮ್ ಬಾಯ್ಡ್ ಬಗ್ಗೆ ನೀವು ಬರೆದದ್ದು ಓದಿದೆ. ಏಳು ವರ್ಷದ ಗುತ್ತಿಗೆಗೆ ಸಹಿ ಹಾಕಿ, 23ನೇ ವಯಸ್ಸಿಗೇ ಆಟ ಬಿಟ್ಟು ಕ್ಲಬ್ಬಿನ ದುಡ್ಡು ದಂಡ ಮಾಡಿದವನನ್ನು ಯಾಕೆ ಇಷ್ಟು ಹೊಗಳಬೇಕು? ಅದೇ ಆಟದ ಲ್ಯಾನ್ಸ್ ಫ್ರಾಂಕ್ಲಿನ್ 1066 ಗೋಲು ಹೊಡೆದ. ಅವನಲ್ಲವೇ ಮಾದರಿ? ನನ್ನ ಮಗ ಗೋಲು ಹೊಡೆಯೋ ಫಾರ್ವರ್ಡ್ ಆಗ್ತೀನಿ ಅಂತಾನೆ. ಅವನಿಗೆ ಯಾರ ಕತೆ ಹೇಳಲಿ?
– ಒಬ್ಬ ಓದುಗ, ಮೆಲ್ಬರ್ನ್

ಸಂಪಾದಕರ ಉತ್ತರ: ಅಷ್ಟು ದೂರದಲ್ಲಿದ್ದೂ ನಮ್ಮ ಪತ್ರಿಕೆಯನ್ನು ಗಮನವಿಟ್ಟು ಓದಿ, ಜಗಳಕ್ಕೂ ಬಂದಿದ್ದೀರಲ್ಲ, ಬಹಳ ಸಂತೋಷ. ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. ಕ್ಲಬ್ಬಿನ ದುಡ್ಡಿನಲ್ಲಿ ಟಿಕೆಟ್ ಕೊಂಡವರ, ಸದಸ್ಯತ್ವ ಕಟ್ಟಿದವರ ದುಡ್ಡೂ ಇರುತ್ತದೆ. ಅವರಿಗೆ ಬೇಜಾರಾಗೋದು ಸಹಜ. ಅಷ್ಟನ್ನು ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಬಾಯ್ಡ್ 2013ರ ಮೊದಲನೇ ಆಯ್ಕೆ. ಗ್ರೇಟರ್ ವೆಸ್ಟರ್ನ್ ಸಿಡ್ನಿ ಕ್ಲಬ್ಬಿಗೆ ಆಡಿದ್ದು ಒಂದೇ ಸೀಸನ್. ಅಷ್ಟರಲ್ಲೇ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ ಸುಮಾರು 70 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು ಅಂತ ಸುದ್ದಿಯಾಯಿತು. ಆಗಿನ್ನೂ 19 ವರ್ಷ. ಅಂದಿನಿಂದ ಅವರು ಹಿಡಿದ ಚೆಂಡು, ಬಿಟ್ಟ ಚೆಂಡು ಎಲ್ಲವನ್ನೂ ಜನ ಡಾಲರ್‌ನಲ್ಲೇ ಅಳೆದರು. ಫಾರ್ವರ್ಡ್ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಮಧ್ಯದವರು ಚೆನ್ನಾಗಿ ಒದ್ದು ಕಳಿಸಿದರೆ ಮಾತ್ರ ಅವನಿಗೆ ಅವಕಾಶ. ಅವರು ತಪ್ಪಿದರೂ ಮಾರನೇ ದಿನ ಸೊನ್ನೆ ಕಾಣೋದು ಅವನ ಹೆಸರಿನ ಮುಂದೆ.

2016ರ ಗ್ರ್ಯಾಂಡ್ ಫೈನಲ್, ಅಂದರೆ ಪ್ರಶಸ್ತಿ ಪಂದ್ಯ, ನೆನಪಿದೆಯಾ? ಏಳನೇ ಸ್ಥಾನದಿಂದ ಬಂದ ಬುಲ್‌ಡಾಗ್ಸ್, ಎದುರಿಗೆ ಫ್ರಾಂಕ್ಲಿನ್ ಇದ್ದ ಸಿಡ್ನಿ ತಂಡ. ಕೊನೇ ಕ್ವಾರ್ಟರ್‌ನಲ್ಲಿ ಬುಲ್‌ಡಾಗ್ಸ್‌ನ ಡೇಲ್ ಮಾರಿಸ್ ನಿಮ್ಮ ಫ್ರಾಂಕ್ಲಿನ್‌ರನ್ನೇ ಟ್ಯಾಕಲ್ ಮಾಡಿ ಕೆಡವಿದರು. ಜಾರಿದ ಚೆಂಡು ಬಾಯ್ಡ್ ಕೈಗೆ ಸಿಕ್ಕಿತು. ಅಷ್ಟು ದೂರದಿಂದ ಒದ್ದ ಚೆಂಡು ಪುಟಿಯುತ್ತಾ ಹೋಗಿ ಗೋಲಾಯಿತು. ಆ ಪಂದ್ಯದಲ್ಲಿ ಅದು ಬಾಯ್ಡ್ ಅವರ ಮೂರನೇ ಗೋಲು. ಕ್ಲಬ್ಬಿಗೆ 62 ವರ್ಷಗಳ ಮೇಲೆ ಪ್ರಶಸ್ತಿ ಬಂತು. ದುಡ್ಡು ದಂಡ ಅಂತೀರಲ್ಲ, ಆ ಕ್ಲಬ್ಬಿನ ಮುದುಕ ಅಭಿಮಾನಿಗಳನ್ನು ಒಮ್ಮೆ ಕೇಳಿ ನೋಡಿ.

ಮರುವರ್ಷವೇ ಖಿನ್ನತೆಯಿಂದಾಗಿ ವಿರಾಮ. ನಿದ್ದೆ ಬಾರದ ರಾತ್ರಿಗಳ ಬಗ್ಗೆ, ಇದ್ದಕ್ಕಿದ್ದಂತೆ ಬಂದು ಹಿಡಿಯುವ ಗಾಬರಿಯ ಬಗ್ಗೆ ಬಾಯ್ಡ್ ಆಮೇಲೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. 2019ರ ಮೇನಲ್ಲಿ ಆಟ ಬಿಟ್ಟರು. ಗುತ್ತಿಗೆ ಇನ್ನೂ ಎರಡು ವರ್ಷಕ್ಕಿಂತ ಜಾಸ್ತಿ ಇತ್ತು. ಆ ಹಣವನ್ನೂ ಬಿಟ್ಟು ಹೋದರು. ಇದನ್ನು ನೀವು ಪತ್ರದಲ್ಲಿ ಬರೆಯಲೇ ಇಲ್ಲ.

ಇನ್ನೊಬ್ಬರನ್ನು ನೋಡಿ. ಎಸೆಂಡನ್ ಕ್ಲಬ್ಬಿನ ಫಾರ್ವರ್ಡ್ ಜಾನ್ ಕೋಲ್ಮನ್ 1949ರ ಮೊದಲ ಪಂದ್ಯದಲ್ಲೇ 12 ಗೋಲು ಹೊಡೆದರು. 98 ಪಂದ್ಯಗಳಲ್ಲಿ 537. 1954ರಲ್ಲಿ ಮಂಡಿ ಹೋಯಿತು, 25ಕ್ಕೇ ಆಟ ಮುಗಿಯಿತು. ಇವತ್ತಿಗೂ ವರ್ಷದ ಅತಿ ಹೆಚ್ಚು ಗೋಲಿನ ಪದಕಕ್ಕೆ ಅವರದೇ ಹೆಸರು. ಅವರನ್ನು ಯಾರೂ ಅರ್ಧಕ್ಕೆ ಬಿಟ್ಟವರು ಅಂತ ಕರೆಯಲಿಲ್ಲ, ಅಲ್ವಾ? ಮಂಡಿಗೆ ಸಿಕ್ಕ ಮರ್ಯಾದೆ ಮನಸ್ಸಿಗೆ ಯಾಕಿಲ್ಲ?

ನಮ್ಮಲ್ಲೂ ಇದೇ ಚಾಳಿ. 2021ರ ಐಪಿಎಲ್ ಹರಾಜಿನಲ್ಲಿ ನಮ್ಮ ಕೆ. ಗೌತಮ್ 9.25 ಕೋಟಿಗೆ ಹೋದರು. ಆ ಸೀಸನ್ ಅವರನ್ನು ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಆಡಿಸದೇ ಇದ್ದದ್ದು ತಂಡ, ಅಂಕಿ ಅಂಟಿಕೊಂಡದ್ದು ಆಟಗಾರನಿಗೆ. ಆಟ ಬಿಡಿ, ಓದಿನ ಕತೆಯೂ ಅಷ್ಟೇ. ನನ್ನ ಗೆಳೆಯರೊಬ್ಬರ ಮಗ ಕೋಚಿಂಗ್ ಹಾಸ್ಟೆಲ್‌ನಲ್ಲಿ ವಾರಗಟ್ಟಲೆ ನಿದ್ದೆಯಿಲ್ಲದೆ ಕೊನೆಗೆ ಮನೆಗೆ ಬಂದ. ನೆಂಟರು ಮೊದಲು ಕೇಳಿದ್ದು, "ಕಟ್ಟಿದ ಫೀಸು ವಾಪಸ್ ಕೊಡ್ತಾರಾ?" ಅಂತ. ಕಾಲು ಮುರಿದುಕೊಂಡು ಬಂದಿದ್ದರೆ ಇದೇ ಜನ ಹಣ್ಣು ಹಿಡಿದುಕೊಂಡು ನೋಡೋಕೆ ಬರುತ್ತಿದ್ದರು. ನನಗೆ ಇದು ಸಿಟ್ಟು ತರಿಸುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಫ್ರಾಂಕ್ಲಿನ್ ಕತೆಯನ್ನು ಖಂಡಿತ ಹೇಳಿ, ಆದರೆ ಪೂರ್ತಿ ಹೇಳಿ. 2015ರಲ್ಲಿ ಸೀಸನ್ ಕೊನೆಯ ನಿರ್ಣಾಯಕ ಪಂದ್ಯಗಳು (ಫೈನಲ್ಸ್) ಹತ್ತಿರ ಬಂದಾಗ ಮಾನಸಿಕ ಆರೋಗ್ಯದ ಕಾರಣಕ್ಕೆ ಅವರೂ ಹೊರಗೆ ಕೂತಿದ್ದರು. ಆಮೇಲೆ ಬಂದು 2017ರಲ್ಲಿ ಕೋಲ್ಮನ್ ಪದಕ ಗೆದ್ದರು. 2022ರಲ್ಲಿ ಸಾವಿರದ ಗೋಲು ಹೊಡೆದಾಗ ಸಿಡ್ನಿ ಮೈದಾನಕ್ಕೆ ಜನ ನುಗ್ಗಿದ್ದನ್ನು ನೀವೂ ನೋಡಿರುತ್ತೀರಿ. ಒಬ್ಬರು ಸುಧಾರಿಸಿಕೊಂಡು ಮರಳಿದರು, ಇನ್ನೊಬ್ಬರು ಬೇರೆ ದಾರಿ ಹಿಡಿದರು. ಇಬ್ಬರ ಕತೆಯನ್ನೂ ಹುಡುಗನಿಗೆ ಹೇಳಿ. ಫಾರ್ವರ್ಡ್ ಆಗೋ ಆಸೆ ಇದ್ದರೆ ಆಡಲಿ ಬಿಡಿ. ಪಂದ್ಯ ಮುಗಿಸಿ ಬಂದಾಗ ಎಷ್ಟು ಗೋಲು ಅಂತ ಮಾತ್ರ ಮೊದಲೇ ಕೇಳಬೇಡಿ.