ನಾರಿನಂಶ ಬೇಕಾ? ಪಲ್ಯ ಜಾಸ್ತಿ ಬಡಿಸಿಕೊಳ್ಳಿ

ಪ್ರಶ್ನೆ: ಮಲಬದ್ಧತೆಗೆ ನಾರು ಜಾಸ್ತಿ ತಿನ್ನಿ ಅಂದರು. ಬೆಳಿಗ್ಗೆ ಹಸಿ ಮೊಳಕೆಕಾಳು, ಮಧ್ಯಾಹ್ನ ಸಲಾಡ್, ರಾತ್ರಿ ಇಸಬ್‌ಗೋಲ್ ಶುರು ಮಾಡಿ ಒಂದು ವಾರವಾಯಿತು. ಬರೀ ಹೊಟ್ಟೆ ಉಬ್ಬರ, ಗ್ಯಾಸ್. ಬಿಟ್ಟುಬಿಡಲಾ ಮೇಡಂ?

ಉತ್ತರ: ಬಿಡಬೇಡಿ, ನಿಧಾನ ಮಾಡಿ. ಎಷ್ಟು ಸಲ ಹೇಳಿದರೂ ಜನ ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡುತ್ತಾರೆ. ನಾರು ಸಣ್ಣ ಕರುಳಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನು ಹುಳಿಯಿಸುತ್ತವೆ, ಗ್ಯಾಸ್ ಬರುವುದು ಅಲ್ಲಿಂದ. ಹೊಂದಿಕೊಳ್ಳಲು ಕೆಲವು ವಾರ ಬೇಕು. ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ. ಮೊಳಕೆಕಾಳು ಬೇಯಿಸಿ ತಿನ್ನಿ. ನೀರು ಚೆನ್ನಾಗಿ ಕುಡಿಯಿರಿ. ಇಸಬ್‌ಗೋಲನ್ನು ತುಂಬು ಲೋಟ ನೀರಲ್ಲಿ ಕಲಸಿದ ತಕ್ಷಣ ಕುಡಿಯಬೇಕು. ಒಣಪುಡಿ ಬಾಯಿಗೆ ಸುರಿದುಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಈ ವಿಷಯದಲ್ಲಿ ನನಗೆ ನಿಜಕ್ಕೂ ಭಯ.

ನಿಮಗೆ ದಿನಕ್ಕೆ ಬೇಕಾಗಿರುವುದು ಸುಮಾರು 30 ಗ್ರಾಂ ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಂತ ರಾಗಿಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಬೂಸ ಎಸೆದರೆ ಏನು ಬಂತು?

ಬಸ್ಸಾರಿನ ದಿನ ನಿಮ್ಮ ತಟ್ಟೆ ನೋಡಿಕೊಳ್ಳಿ. ಹೆಸರುಕಾಳು, ಸೊಪ್ಪು ಬೇಯಿಸಿ ಬಸಿದಿರುತ್ತೀರಿ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೆ ಮೂರು ಸೌಟು ಸಾರು ಬೀಳುತ್ತದೆ, ಪಲ್ಯ ಮಾತ್ರ ತಟ್ಟೆಯ ಅಂಚಿಗೆ ಒಂದು ಚಮಚ. ನಾರಿನ ಬಹುಪಾಲು ಇರುವುದು ಆ ಪಲ್ಯದಲ್ಲೇ! ಅದನ್ನು ಒಂದು ಬಟ್ಟಲು ಹಾಕಿಕೊಳ್ಳಿ, ಅನ್ನ ಅಷ್ಟು ಕಡಿಮೆ ಮಾಡಿ. ಸಲಾಡಿನ ಗೋಜೇ ಬೇಡ.

ಪ್ರಶ್ನೆ: ಹಣ್ಣು ತಿನ್ನಲು ಬೇಜಾರು. ಜ್ಯೂಸ್ ಸಾಕಲ್ವಾ?

ಉತ್ತರ: ಸಾಲದು. ಸೋಸಿದಾಗ ನಾರು ಹೋಯಿತು. ಸೀಬೆಹಣ್ಣನ್ನು ಸಿಪ್ಪೆ ಸಮೇತ ತಿನ್ನಿ.

ಪ್ರಶ್ನೆ: ಕರುಳು ಕ್ಲೀನ್ ಮಾಡುವ ಪುಡಿ ಒಳ್ಳೆಯದಾ?

ಉತ್ತರ: ಸುಮ್ನೆ ದುಡ್ಡು ದಂಡ. ಇಂಥ ಎಷ್ಟೋ ಪುಡಿಗಳಲ್ಲಿರುವುದು ಸೋನಾಮುಖಿ, ಅಂದರೆ ಭೇದಿ ಮಾಡಿಸುವ ಎಲೆ. ಕರುಳಲ್ಲಿ ವರ್ಷಗಟ್ಟಲೆ ಕೊಳೆ ಅಂಟಿಕೊಂಡಿರುತ್ತದೆ ಅನ್ನುವುದು ಹಸೀ ಸುಳ್ಳು.

ಪ್ರಶ್ನೆ: ಮಲದಲ್ಲಿ ರಕ್ತ ಬರುತ್ತಿದೆ, ಮೂಲವ್ಯಾಧಿ ಇರಬೇಕು. ಯಾವ ಸೊಪ್ಪು ತಿನ್ನಲಿ?

ಉತ್ತರ: ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ಗೋಡೆ ಮೇಲೆ ಬರೆದ ನಂಬರಿಗೆ ಫೋನ್ ಮಾಡಲೂಬೇಡಿ. ಸೊಪ್ಪಿನ ಮಾತು ಆಮೇಲೆ, ಈ ವಾರವೇ ಡಾಕ್ಟರಿಗೆ ತೋರಿಸಿ.